ಹುಳಿ ಇಳಿಸಿದರೆ ಕರಗುವ ಕಲ್ಲು

ನಡುಗಡಲಲ್ಲಿ ಸೊಂಟ ಹಿಡಿದುಕೊಂಡು ಮಕಾಡೆ ಬಿದ್ದಿದ್ದ ಆಸ್ಮುಂಡನನ್ನು ಜೊತೆಯ ಮೀನುಗಾರರು ದೋಣಿಸಮೇತ ದಡಕ್ಕೆ ಎಳೆದು ತಂದಿದ್ದರಿಂದ, ಅವನ ಕಿಡ್ನಿಯಲ್ಲಿ ಕಲ್ಲಿರುವ ಸುದ್ದಿ ನಾರ್ವೆಯ ಲೋಫೊಟೆನ್ ದ್ವೀಪಗಳವರಿಗೆಲ್ಲ ಗೊತ್ತಾಗಿಹೋಗಿತ್ತು. ಕಲ್ಲು ಹೋಗುವವರೆಗೆ ಕಡಲಿಗಿಳಿಯುವ ಸರ್ಟಿಫಿಕೇಟು ಕೊಡುವುದಿಲ್ಲವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಕಾಡ್ ಮೀನು ದಂಡಿಯಾಗಿ ಬರುವುದು ಜನವರಿಯಲ್ಲಿ. ಆ ಹಂಗಾಮು ಕೈತಪ್ಪಿದರೆ ಅವನು ದೋಣಿ ಮಾರಬೇಕಿತ್ತು.

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಮಗಳು ಸಿಗ್ನೆಗೆ ಮಾತ್ರ ಒಂದಿಷ್ಟೂ ಅಳುಕಿರಲಿಲ್ಲ.

"ನಿಂದು ಯೂರಿಕ್ ಆಮ್ಲದ ಕಲ್ಲು ಅಪ್ಪ. ಉಚ್ಚೆ ಹುಳಿಯಾದ್ರೆ ಹರಳು ಕಟ್ಟತ್ತೆ, ಹುಳಿ ಇಳಿಸಿದ್ರೆ ಕರಗತ್ತೆ. ಕೊಯ್ಯೋದೇನೂ ಬೇಡ."

"ಕರಗೋಕೆ ಅದೇನು ಸಕ್ಕರೇನಾ?"

"ದಿನವಿಡೀ ಕರೀ ಕಾಫಿ, ಊಟಕ್ಕೆ ಮೀನಿನ ಲಿವರ್ರು, ಮೀನಿನ ಮೊಟ್ಟೆ. ನೀರು ಮಾತ್ರ ಮುಟ್ಟಲ್ಲ. ಕಲ್ಲಾಗ್ದೆ ಇನ್ನೇನಾಗತ್ತೆ?"

ನಿಜವೇ. ಆ ಚಳಿಯಲ್ಲಿ ಪದರಪದರವಾಗಿ ತೊಟ್ಟಿದ್ದನ್ನೆಲ್ಲ ಬಿಚ್ಚಿ ಉಚ್ಚೆ ಹೊಯ್ಯುವ ತಾಪತ್ರಯವೇ ಬೇಡವೆಂದು ದೋಣಿಯ ಮೇಲೆ ಯಾರೂ ನೀರು ಕುಡಿಯುತ್ತಿರಲಿಲ್ಲ. ಅದೊಂದು ಗಂಡಸ್ತನ ಬೇರೆ, ಮಣ್ಣು! ಆಸ್ಮುಂಡನಂತೂ ಅದರಲ್ಲಿ ಎಲ್ಲರಿಗಿಂತ ಮುಂದು.

ಸಿಗ್ನೆ ಹುಳಿ ಇಳಿಸುವ ಸಿಟ್ರೇಟ್ ಪುಡಿ ಕೊಟ್ಟಳು, ಉಚ್ಚೆಯಲ್ಲಿ ಅದ್ದಿ ನೋಡಲು ಕಾಗದದ ಪಟ್ಟಿ ಕೊಟ್ಟಳು. ಹಳದಿಯಾದರೆ ಹುಳಿ, ಹಸಿರಾದರೆ ಸರಿ. ಹಸಿರೂ ಬಂತು. ಆದರೆ ಆಸ್ಮುಂಡನಿಗೆ ತಡೆಯಬೇಕಲ್ಲ? ಬೇಗ ಕರಗಲೆಂದು ಪುಡಿಯನ್ನು ಎರಡರಷ್ಟು ಕಲಸಿ ಕುಡಿದ. ಪಟ್ಟಿ ಕಡುನೀಲಿಯಾಯಿತು. ಬೀಗುತ್ತ ಮಗಳಿಗೆ ತೋರಿಸಿದ.

"ಅತಿ ಜಾಣತನ ಮಾಡ್ಬೇಡ," ಎಂದಳು ಸಿಗ್ನೆ. "ಹುಳಿ ಪೂರ್ತಿ ಹೋದ್ರೆ ಕ್ಯಾಲ್ಸಿಯಂ ಹರಳು ಕಟ್ಟತ್ತೆ. ಅದು ಈ ಕಲ್ಲಿನ ಮೇಲೆ ಸಿಪ್ಪೆ ಥರ ಕೂತ್ರೆ ಒಳಗಿಂದು ಜಪ್ಪಯ್ಯ ಅಂದ್ರೂ ಕರಗಲ್ಲ. ಆಮೇಲೆ ದೋಣಿ ಮಾರ್ಕೊಂಡು ಕೂತ್ಕೋ."

ಆಸ್ಮುಂಡನ ಮುಖ ಸಪ್ಪಗಾಯಿತು. ಬಂಡೆಗಳ ಸಂದಿನಲ್ಲಿ ದೋಣಿ ನಡೆಸುವವನಿಗೆ ಆ ಕಡೆಯೂ ವಾಲಬಾರದು, ಈ ಕಡೆಯೂ ವಾಲಬಾರದು ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದಿನಿಂದ ಮಗಳು ಹೇಳಿದಷ್ಟೇ ಪುಡಿ, ಹೊಟ್ಟೆ ತುಂಬ ನೀರು.

ಹೊಸ ವರ್ಷ ಕಳೆದ ಮೇಲೆ ಸ್ಕ್ಯಾನ್ ಆಯಿತು. ಡಾಕ್ಟರು ಎಷ್ಟು ಹುಡುಕಿದರೂ ಕಲ್ಲಿರಲಿಲ್ಲ. ಸರ್ಟಿಫಿಕೇಟಿಗೆ ಸಹಿ ಬಿತ್ತು. ಆಸ್ಮುಂಡ್ ಅದನ್ನು ಹಿಡಿದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತವನು ಏಳಲೇ ಇಲ್ಲ.

"ಯಾಕಪ್ಪ, ಮತ್ತೆ ನೋವಾ?"

"ನಮ್ಮಪ್ಪಾನೂ ಹಿಂಗೇ ಸೊಂಟ ಹಿಡ್ಕೊಂಡು ಒದ್ದಾಡ್ತಿದ್ದ ಸಿಗ್ನೆ. ಕಡಲಿಗೆ ಹೋಗೋದು ಬಿಟ್ಟ. ಹೇಡಿ ಅಂದ್ರು ಊರೋರು. ಸಾಯೋವರೆಗೂ ತಲೆ ಎತ್ತಿ ನಡೀಲಿಲ್ಲ," ಎಂದ ಆಸ್ಮುಂಡ್. "ಬರೀ ಉಚ್ಚೆ ಹುಳಿಯಾಗಿತ್ತು, ಪಾಪ."