ಫ್ಲೋಟಿನ ಮೇಲಿನ ಬೆಸುಗೆ

ಮಧ್ಯಾಹ್ನ ಮೂರು ಗಂಟೆಗೆ ಗುಬ್ಬಿಯ ಗುಂಡಯ್ಯನವರ ಅಂಬಾಸಡರ್ ಕಪ್ಪು ಹೊಗೆ ಉಗುಳುತ್ತಾ ತುಮಕೂರಿನ ನನ್ನ ಗ್ಯಾರೇಜಿಗೆ ಬಂತು. ಗುಂಡಯ್ಯ ಕೊಬ್ಬರಿ ವ್ಯಾಪಾರಿ. ಕಾರನ್ನು ಗುಬ್ಬಿಯ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿಗೆ ಬಿಟ್ಟಿದ್ದರು. ಹನ್ನೊಂದು ವರ್ಷದಿಂದ ಅದನ್ನು ಓಡಿಸುತ್ತಿದ್ದವನು ರಾಮಾಂಜಿನಯ್ಯ. ಇಬ್ಬರೂ ಇಳಿದು, ಒಬ್ಬರ ಮುಖ ಒಬ್ಬರು ನೋಡದೆ ನಿಂತರು.

"ಪಾಷಾ, ಲೀಟರ್‌ಗೆ ಹತ್ತು ಕಿಲೋಮೀಟ್ರು ಕೊಡ್ತಿದ್ದ ಗಾಡಿ ಆರಕ್ಕೆ ಇಳ್ದೈತೆ. ಪೆಟ್ರೋಲ್ ಕದ್ದು ಮಾರ್ಕೊತಾವ್ನೆ ಅಂತ ಮೊನ್ನೆ ಸ್ಟ್ಯಾಂಡಲ್ಲಿ ಎಲ್ಲಾರ್ ಮುಂದೇನೇ ಉಗ್ದೆ. ಇಂಜಿನ್ನೇ ಕುಡೀತದೆ ಅಂತಾನೆ ಇವ್ನು. ಇವತ್ತು ಇತ್ಯರ್ಥ ಆಗ್ಬೇಕು. ಇಂಜಿನ್ ಸರಿಗಿದ್ರೆ ಇಲ್ಲಿಂದ್ಲೇ ಪೊಲೀಸ್ ಸ್ಟೇಷನ್‌ಗೆ" ಎಂದರು ಗುಂಡಯ್ಯ.

"ಸಾಬ್ರೇ, ಸರ್ಯಾಗ್ ನೋಡಿ" ಎಂದಷ್ಟೇ ಹೇಳಿದ ರಾಮಾಂಜಿನಯ್ಯ.

ಹೋದ ತಿಂಗಳು ಗುಂಡಯ್ಯ ಫೋನ್ ಮಾಡಿ, ಕಾರಿನಲ್ಲೇನಾದರೂ ದೋಷ ಇರಬಹುದೇ ಎಂದು ಕೇಳಿದ್ದರು. ನನ್ನ ಕೆಲಸದ ಬಗ್ಗೆ ಯಾರಾದರೂ ಅನುಮಾನ ಪಟ್ಟರೆ ನನಗೆ ಮೈ ಉರಿಯುತ್ತದೆ. "ನಾನು ಕೈಯಾರೆ ಕಟ್ಟಿದ ಕಾರ್ಬುರೇಟರ್ ಸ್ವಾಮಿ ಅದು. ದೋಷ ಹುಡುಕೋದಿದ್ರೆ ಓಡಿಸೋನ ಹತ್ರ ಹುಡುಕಿ" ಎಂದು ರೇಗಿ, ಕಾರು ತರಿಸಿ ಬಾನೆಟ್ ಕೂಡ ಎತ್ತಿ ನೋಡದೆ ಫೋನ್ ಇಟ್ಟಿದ್ದೆ. ಆ ಮಾತು ಎಲ್ಲಿಗೆ ಹೋಗಿ ಮುಟ್ಟಿದೆ ಎಂದು ಈಗ ಗೊತ್ತಾಯಿತು.

ಪ್ಲಗ್ ಬಿಚ್ಚಿದೆ. ನಾಲ್ಕೂ ಮಸಿ ಹಿಡಿದು ಕಪ್ಪಗಿದ್ದವು. ಗಾಳಿಗಿಂತ ಪೆಟ್ರೋಲೇ ಹೆಚ್ಚಾಗಿ ಒಳಗೆ ಹೋಗುತ್ತಿದೆ, ಅಷ್ಟಂತೂ ಖಾತ್ರಿ. ಯಾಕೆ ಎಂಬುದೇ ಪ್ರಶ್ನೆ. ಗಾಳಿ ತಡೆಯುವ ಚೋಕ್ ಸಿಕ್ಕಿಕೊಂಡಿದೆಯೇ ಎಂದು ಎಳೆದು ಬಿಟ್ಟೆ, ಸಲೀಸಾಗಿ ವಾಪಸ್ಸು ಹೋಯಿತು. ಏರ್ ಫಿಲ್ಟರ್ ತೆಗೆದಿಟ್ಟು ಸ್ಟಾರ್ಟ್ ಮಾಡಿದೆ, ಹೊಗೆ ಹಾಗೇ ಇತ್ತು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ತಡೆಯುವ ಸೂಜಿಯನ್ನು ಅದು ಕೂರುವ ತೂತಿಗೆ ಒತ್ತಿ ಹಿಡಿದು ಬಾಯಿಂದ ಊದಿದೆ, ಗಾಳಿ ನುಗ್ಗಲಿಲ್ಲ.

"ಏನೂ ಸಿಗ್ತಿಲ್ಲ ಅಲ್ವಾ?" ಎಂದರು ಗುಂಡಯ್ಯ, ವಾಚು ನೋಡುತ್ತಾ.

"ಸುಮ್ನಿರಿ ಸ್ವಾಮಿ ಒಂದ್ ನಿಮಿಷ."

ಉಳಿದದ್ದು ಫ್ಲೋಟ್. ಹಿತ್ತಾಳೆಯ ಪೊಳ್ಳು ಡಬ್ಬಿ ಅದು. ಪೆಟ್ರೋಲಿನ ಮೇಲೆ ತೇಲುತ್ತಾ ಏರಿ, ಸಾಕಾದ ಕೂಡಲೇ ಸೂಜಿಯನ್ನು ಒತ್ತಿ ಪೆಟ್ರೋಲ್ ನಿಲ್ಲಿಸಬೇಕು. ತೂತಾಗಿದೆಯೇನೋ ಎಂದು ಬಿಸಿ ನೀರಿನಲ್ಲಿ ಮುಳುಗಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಒರೆಸಿ ಅಂಗೈಯಲ್ಲಿ ಇಟ್ಟುಕೊಂಡಾಗ ಯಾಕೋ ಭಾರ ಅನ್ನಿಸಿತು. ತಿರುಗಿಸಿ ನೋಡಿದೆ. ಅಡಿಯಲ್ಲಿ ಹುಣಸೆಬೀಜದಷ್ಟು ದಪ್ಪ ಬೆಸುಗೆ ಇತ್ತು.

ಎರಡು ತಿಂಗಳ ಹಿಂದೆ ಅದರ ತೂತು ಮುಚ್ಚಿದವನು ನಾನೇ. ನಮ್ಮದು ಪಾತ್ರೆಗೆ ಕಲಾಯಿ ಹಾಕುವ ಮನೆತನ. ತವರದಲ್ಲಿ ಜಿಪುಣತನ ಮಾಡಿದರೆ ಅಬ್ಬಾಜಾನ್ ಕೈ ಮೇಲೆ ಹೊಡೆಯುತ್ತಿದ್ದರು. ದಪ್ಪಗೆ ಹಾಕುವುದೇ ಪ್ರಾಮಾಣಿಕತೆ ಎಂದು ಕಲಿತ ಕೈ ಇದು. ಬಿಂದಿಗೆಗೆ ಹಾಕಿದಂತೆ ಇದಕ್ಕೂ ಧಾರಾಳವಾಗಿ ಹಾಕಿದ್ದೆ.

ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಾರ್ಬುರೇಟರಿನಿಂದ ಇನ್ನೊಂದು ಫ್ಲೋಟ್ ಕಿತ್ತು, ಎರಡನ್ನೂ ಬೋಗುಣಿಯ ಪೆಟ್ರೋಲಿನಲ್ಲಿ ಬಿಟ್ಟೆ. ಹಳೆಯದು ಅರ್ಧ ಮೇಲೆ ತೇಲಿತು. ನನ್ನದು ಕತ್ತಿನವರೆಗೆ ಮುಳುಗಿ ನಿಂತಿತು.

ಸೂಜಿ ಇವತ್ತು ಬೆಳಿಗ್ಗೆ ಕೆಟ್ಟಿದೆ ಎಂದು ಸುಳ್ಳು ಹೇಳಿ ನಾನು ಪಾರಾಗಬಹುದಿತ್ತು. ಆದರೆ ಎರಡು ತಿಂಗಳ ಪೆಟ್ರೋಲ್ ರಾಮಾಂಜಿನಯ್ಯನ ತಲೆಯ ಮೇಲೇ ಉಳಿಯುತ್ತಿತ್ತು. ನಾಚಿಕೆಯಿಂದ ಸತ್ತಂತಾಯಿತು.

"ಗುಂಡಯ್ಯನೋರೆ, ತಪ್ಪು ನಂದು. ಬೆಸುಗೆ ಜಾಸ್ತಿ ಆಗಿ ಫ್ಲೋಟ್ ಮೇಲೇಳ್ತಿಲ್ಲ, ಪೆಟ್ರೋಲ್ ಉಕ್ಕಿ ಒಳಗೋಗ್ತೈತೆ. ಇವ್ನು ಒಂದು ತೊಟ್ಟೂ ಕದ್ದಿಲ್ಲ."

ಹಗುರಾಗಿ ತೇಲಿದ ಆ ಹಳೆಯ ಫ್ಲೋಟನ್ನೇ ಕೂರಿಸಿ, ಪ್ಲಗ್ ಉಜ್ಜಿ ಹಾಕಿ ಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತಿಗೆ ಹೊಗೆ ನಿಂತಿತು. ಗುಂಡಯ್ಯ ಬಗ್ಗಿ ನೋಡಿದರು. "ಸರಿ ಬುಡು, ಆಗಿದ್ದಾಯ್ತು. ಹತ್ಲಾ ರಾಮಾಂಜಿ."

ರಾಮಾಂಜಿನಯ್ಯ ಹತ್ತಲಿಲ್ಲ. "ಕಳ್ಳ ಅಂದಿದ್ದು ಸ್ಟ್ಯಾಂಡಲ್ಲಿ. ಅಲ್ಲ ಅನ್ನೋದ್ನೂ ಅಲ್ಲೇ ಹೇಳಿ" ಎಂದು ಬಸ್ಸಿಗೆ ಹೊರಟುಹೋದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಗುಂಡಯ್ಯನವರಿಗೆ ಸ್ಟಿಯರಿಂಗ್ ಹಿಡಿಯಲು ಬರುವುದಿಲ್ಲ. ಗ್ಯಾರೇಜ್ ಮುಚ್ಚಿ ನಾನೇ ಗುಬ್ಬಿಯವರೆಗೆ ಕಾರು ಓಡಿಸಿದೆ.

ಬಸ್ಸಿಳಿದ ರಾಮಾಂಜಿನಯ್ಯ ಸ್ಟ್ಯಾಂಡಿನ ಗೋಡೆಗೆ ಒರಗಿ ನಿಂತಿದ್ದ. ನಾನು ಇಳಿದು ಡ್ರೈವರುಗಳಿಗೆಲ್ಲ ಕೇಳುವಂತೆ ನನ್ನ ತಪ್ಪು ಹೇಳಿದೆ. ಒಬ್ಬ ಬೀಡಿ ಆರಿಸಿ ಕೇಳಿದ, "ನೀವೇನೋ ಹೇಳ್ತೀರಿ ಸಾಬ್ರೇ. ಓನರ್ ಏನಂತಾರೆ?"

ಗುಂಡಯ್ಯ ಕಾರಿನೊಳಗೆ ಗಾಜು ಏರಿಸಿಕೊಂಡು ಕೂತಿದ್ದರು. ಒಬ್ಬನನ್ನು ಕಳ್ಳನಾಗಿಸಲು ನನ್ನ ಮಾತು ಸಾಕಾಗಿತ್ತು, ಬಿಡಿಸಲು ಸಾಲಲಿಲ್ಲ. ಸಿಟ್ಟು ನೆತ್ತಿಗೇರಿತು. ಹೋಗಿ ಅವರ ಕಡೆಯ ಬಾಗಿಲು ತೆಗೆದೆ. "ಇಳೀರಿ ಸ್ವಾಮಿ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಇಳಿದರು. "ಪಾಷಾ ಹೇಳಿದ್ದು ದಿಟ" ಎಂದು ನೆಲ ನೋಡುತ್ತಾ ಗೊಣಗಿದರು. ಯಾರೂ ಕದಲಲಿಲ್ಲ. ಅವರು ತಲೆಯೆತ್ತಿ, "ರಾಮಾಂಜಿ ಕದ್ದಿಲ್ಲ. ನಾನ್ ಅಂದಿದ್ದೇ ತಪ್ಪು" ಎಂದರು.

ರಾಮಾಂಜಿನಯ್ಯ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ. ಗುಂಡಯ್ಯ ಕಾರಿನಿಂದ ಕೀ ಕಿತ್ತು ತಂದು ಅವನ ಕಡೆ ಕೈ ಚಾಚಿಕೊಂಡೇ ನಿಂತಿದ್ದರು. ಅವನು ಅದನ್ನು ತೆಗೆದುಕೊಳ್ಳಲಿಲ್ಲ.