ಹರಳುಪ್ಪು ಇಲ್ಲದ ಊರು

ಕಾಶಿನಾಥ ಮೂರನೆಯ ಅಂಗಡಿಯ ಕಟ್ಟೆ ಏರಿ ಏದುಸಿರಿನಲ್ಲೇ ಕೇಳಿದ. "ಅಲ್ಲಾಭಕ್ಷ ಕಾಕಾ, ಒಂದ್ ಚೀಲ ಹರಳುಪ್ಪು ಕೊಡ್ರಿ. ಅವ್ವನ್ನ ಮಣ್ಣ ಮಾಡೂದೈತಿ."

ಬೆಳಿಗ್ಗೆ ತೀರಿಕೊಂಡಿದ್ದ ಮಹಾದೇವಕ್ಕ ಕುಬಿಹಾಳದ ಶಾಲೆಯಲ್ಲಿ ವರ್ಷಗಟ್ಟಲೆ ಬಿಸಿಯೂಟ ಬೇಯಿಸಿದವಳು. ಲಿಂಗಾಯತ ಪದ್ಧತಿಯಂತೆ ಕುಣಿಯಲ್ಲಿ ಕೂರಿಸಿ, ಹೊತ್ತು ಮುಳುಗುವುದರೊಳಗೆ ಸುತ್ತ ಉಪ್ಪು ತುಂಬಬೇಕಿತ್ತು.

"ಹರಳುಪ್ಪು ಇಡಾಕ ನಿಮ್ಮವ್ವ ಎಲ್ಲಿ ಬಿಟ್ಟಾಳ ತಮ್ಮಾ?" ಮುದುಕನ ಕಣ್ಣು ತುಂಬಿದವು. "ಊರಾಗ ಎಲ್ಲೂ ಸಿಗಂಗಿಲ್ಲ. ಕುಂದಗೋಳಕ್ಕ ಹೋಗಿ ಹುಡುಕಿ ತರೂದ್ರಾಗ ಕತ್ತಲಾಕ್ಕೈತಿ."

* * *

ಹನ್ನೆರಡು ವರ್ಷದ ಹಿಂದೆ ಆರೋಗ್ಯ ಇಲಾಖೆಯವರು ಶಾಲೆಗೆ ಬಂದು ಮಕ್ಕಳ ಕುತ್ತಿಗೆ ಮುಟ್ಟಿ ನೋಡಿದ್ದರು. ಆರು ಮಕ್ಕಳಿಗೆ ಗಳಗಂಡ; ಅಯೋಡಿನ್ ಕೊರತೆಯಿಂದ ಕುತ್ತಿಗೆ ಉಬ್ಬಿತ್ತು. ಮನೆಮನೆಯಿಂದ ಚಮಚ ಉಪ್ಪು ತರಿಸಿ ಔಷಧದ ಹನಿ ಬಿಟ್ಟರು. ಅಯೋಡಿನ್ ಇದ್ದರೆ ನೀಲಿಯಾಗಬೇಕು, ಒಂದೂ ಆಗಲಿಲ್ಲ. ಕೊನೆಗೆ ಅಡುಗೆಮನೆಯ ಡಬ್ಬಿ ತೆರೆದರು. ರುಚಿಗೆಂದು ಮಹಾದೇವಕ್ಕನೇ ತರಿಸುತ್ತಿದ್ದ ಹರಳುಪ್ಪು. ಅದೂ ಬಿಳಿಯೇ.

"ನನ್ನ ಕೈಯಾರ ಉಣಿಸೀನಲ್ರಿ ಇದನ್ನ!" ಎಂದು ಹಣೆ ಬಡಿದುಕೊಂಡಳು.

ತನ್ನ ಗಂಟಲಿನ ಗಡ್ಡೆಯನ್ನು ಜನ್ಮವಿಡೀ ಸೆರಗಿನಲ್ಲಿ ಮುಚ್ಚಿಟ್ಟಿದ್ದವಳು ಅಂದು ಸೆರಗು ಸರಿಸಿ ಮನೆಮನೆಗೆ ಹೊರಟಳು. "ನೋಡ್ರಿ, ನಿಮ್ಮ ಹುಡುಗೂರ ಕೊಳ್ಳೂ ಹಿಂಗ ಆಗಬೇಕೇನು?" ಅಲ್ಲಾಭಕ್ಷನ ಅಂಗಡಿಗೆ ಹೋಗಿ ಉಪ್ಪಿನ ಚೀಲದ ಮೇಲೆಯೇ ಎಂಟು ದಿನ ಕುಳಿತಳು. ಗಿರಾಕಿಗಳು ನಕ್ಕರು, ಬೈದರು. ಹಟಮಾರಿ ಹೆಂಗಸು, ಎದ್ದರೆ ತಾನೆ? ಒಂಬತ್ತನೆಯ ದಿನ ಅಲ್ಲಾಭಕ್ಷ ಕೈಮುಗಿದು ಅಯೋಡಿನ್ ಇರುವ ಪಾಕೀಟು ಉಪ್ಪು ತರಿಸಿದ. ಉಳಿದ ಅಂಗಡಿಯವರೂ ಅದೇ ಹಾದಿ ಹಿಡಿದರು. ಎರಡು ವರ್ಷ ಬಿಟ್ಟು ಇಲಾಖೆಯವರು ಮತ್ತೆ ಬಂದಾಗ ಚಮಚಗಳೆಲ್ಲ ನೀಲಿ.

* * *

ಅಲ್ಲಾಭಕ್ಷ ಅಂಗಡಿಯಲ್ಲಿದ್ದ ಪಾಕೀಟುಗಳನ್ನೆಲ್ಲ ಕುಣಿಯ ಹತ್ತಿರ ತಂದು ಸುರಿದ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಒಂದನ್ನು ತಿರುವಿ ನೋಡಿ ಹಿಂಜರಿದರು. "ಹಿಂದಿನಿಂದ ಬಂದದ್ದು ಹರಳುಪ್ಪು ನೋಡಪಾ."

"ಹರಳುಪ್ಪು ಹಾಕಿದ್ರ ಅವ್ವ ಕುಣಿಯಿಂದ ಎದ್ದು ಬರ್ತಾಳ್ರಿ, ಅಯ್ನಾರ," ಎಂದ ಕಾಶಿನಾಥ.

ಅಳುತ್ತಿದ್ದ ಹೆಂಗಸರೂ ನಕ್ಕುಬಿಟ್ಟರು. ಅಯ್ಯನವರೂ ನಕ್ಕರು. "ಹಾಕ್ರಿ ಮತ್ತ!"

ಪಾಕೀಟುಗಳು ಸೊಂಟದ ಮಟ್ಟಕ್ಕೇ ಮುಗಿದವು. ಆಗ ನೆರೆಮನೆಯ ರೇವವ್ವ ಮನೆಗೆ ಓಡಿ ತನ್ನ ಒಲೆಯ ಬಾಜೂಕಿದ್ದ ಡಬ್ಬಿಯನ್ನೇ ತಂದಳು. ಅವಳನ್ನು ನೋಡಿ ಓಣಿಗೆ ಓಣಿಯೇ ಓಡಿತು. ಅರ್ಧ ಪಾಕೀಟು, ಕಾಲು ಡಬ್ಬಿ, ಮಕ್ಕಳ ಬೊಗಸೆ. ಅಂದು ಊರಿನ ಯಾವ ಮನೆಯಲ್ಲೂ ರಾತ್ರಿಯ ಸಾರಿಗೆ ಉಪ್ಪು ಉಳಿಯಲಿಲ್ಲ. ಕಾಶಿನಾಥನಿಗೆ ಅವ್ವನ ಬಗ್ಗೆ ಹೆಮ್ಮೆ ಉಕ್ಕಿತು.

ಉಪ್ಪು ಹೆಗಲು ಮುಟ್ಟಿದಾಗ ಅಲ್ಲಾಭಕ್ಷನ ಮೊಮ್ಮಗಳು, ಒಂದನೆಯ ಇಯತ್ತೆಯ ಶಗುಫ್ತಾ ಅವನ ಅಂಗಿ ಜಗ್ಗಿದಳು. "ದಾದಾ, ಅಜ್ಜಿ ಕೊಳ್ಳಷ್ಟ ಯಾಕ್ ಹಂಗೈತಿ? ನಮ್ಮ ಸಾಲ್ಯಾಗ ಯಾರ್ದೂ ಹಂಗಿಲ್ಲಲ್ಲ?"

ಅಜ್ಜಿಯನ್ನು ಇನ್ನೊಮ್ಮೆ ನೋಡಲೆಂದು ಮಕ್ಕಳೆಲ್ಲ ಕುಣಿಯ ಅಂಚಿಗೆ ಬಂದು ಕತ್ತು ಚಾಚಿದರು. ಇಳಿಬಿಸಿಲಿನಲ್ಲಿ ಸಾಲಾಗಿ ಕಂಡವು, ನಲವತ್ತು ನುಣುಪಾದ ಕೊರಳುಗಳು.