ಎಲ್ಲರ ತಲೆ ನೋಡುವವಳು

ಶಾಲೆಯಿಂದ ಮೂರನೇ ಸಲ ಚೀಟಿ ಬಂತು: ಮಗಳ ತಲೆಯಲ್ಲಿ ಮತ್ತೆ ಹೇನು. ನನಗೆ ಮೈಯೆಲ್ಲ ಉರಿದುಹೋಯಿತು. ಬ್ಯೂಟಿ ಪಾರ್ಲರಿನಲ್ಲಿ ದಿನವಿಡೀ ಊರವರ ತಲೆ ನೋಡುವವಳು ನಾನು. ನನ್ನ ಮಗಳ ತಲೆಯಲ್ಲೇ ಹೇನೇ?

ಬಿಳಿ ಟವೆಲ್ ಹಾಸಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಅವಳ ಒದ್ದೆ ಕೂದಲನ್ನು ಬುಡದಿಂದ ತುದಿಯವರೆಗೆ ಬಾಚಿದೆ.

"ಎಲ್ಲಾ ನಿನ್ನ ಬೆಂಚಿನವಳ ಉಡುಗೊರೆ. ನಾಳೆಯಿಂದ ಅವಳ ಪಕ್ಕ ಕೂತ್ಯೋ, ನೋಡು!"

ಮಗಳು ಬಾಚಣಿಗೆ ಕಿತ್ತುಕೊಂಡಳು. "ಎಲ್ಲರ ತಲೆ ನೋಡ್ತೀಯ. ನಿನ್ನ ತಲೆ ಯಾರಮ್ಮ ನೋಡೋದು? ಕೂತ್ಕೋ."

ನಗುತ್ತಲೇ ಕೂತೆ. ಅವಳು ಎರಡು ಸಲ ಬಾಚುವಷ್ಟರಲ್ಲಿ ನನ್ನ ತಲೆಯಿಂದ ಮೂರು ಹೇನು ಟವೆಲಿನ ಮೇಲೆ ಬಿದ್ದು ಹರಿದಾಡತೊಡಗಿದವು.

ಮಗಳು ಮೆಲ್ಲಗೆ ಕೇಳಿದಳು: "ಅಮ್ಮಾ, ಇನ್ಮೇಲೆ ನಿನ್ನ ಪಕ್ಕಾನೂ ಮಲಗ್ಬಾರ್ದಾ?"